ಚಂಪಿಯ ಉಪವಾಸ

“ನೋಡ್ರಿ ಆಯಿ, ಹೆದರೂವಂಥಾದ್ದೇನೂ ಇಲ್ಲ. ಹೊಟ್ಟಿ ಸ್ವಲ್ಪ ಕೊಯ್ದು ಗರ್ಭಚೀಲ ತಗದು ಹೊಲಿಗಿ ಹಾಕ್ತೇನಿ. ಸಂಜೀಕ ಮನಿಗೆ ಕರಕೊಂಡ ಹೋಗಬಹುದು. ಇನ್ನ ಮರಿ ಆಗೂದಿಲ್ಲ, ವಯಸ್ಸಾದ ಮ್ಯಾಲ ಗರ್ಭದಾಗ ಕೀವು ತುಂಬೂದಿಲ್ಲ. ಅದಕ್ಕೂ ನಿರಾಳ, ನಿಮಗೂ ನಿರಾಳ. ಆದ್ರ ಒಂದ ಮಾತು ಕಟ್ಟುನಿಟ್ಟ. ಹಿಂದಿನ ರಾತ್ರಿ ಊಟ ಆದ ಮ್ಯಾಲ ಏನೂ ಕೊಡಬ್ಯಾಡ್ರಿ. ಏನೂ ಅಂದ್ರ ಏನೂ. ಹಾಲಿಲ್ಲ, ರೊಟ್ಟಿ ಇಲ್ಲ, ಬಿಸ್ಕೀಟ ಇಲ್ಲ, ಪಾಪ ಅಂತ ಒಂದ ತುಣುಕ ಬೆಲ್ಲ ಸೈತ ಇಲ್ಲ. ಯಾಕಂದ್ರ ಅರವಳಿಕಿ ಇಂಜೆಕ್ಷನ್ ಕೊಟ್ಟಾಗ ನಾಯಿಗೆ ಮೈಮ್ಯಾಲ ಖಬರ ಇರೂದಿಲ್ಲ. ಹೊಟ್ಟ್ಯಾಗ ಕೂಳಿತ್ತಂದ್ರ ವಾಂತಿ ಬರ್ತೈತಿ. ಖಬರಿಲ್ಲದಾಗ ಬಂದ ವಾಂತಿ ಹೊರಗ ಬೀಳೂದಿಲ್ಲ, ಉಸರಿನ ಕೊಳವಿಗೆ ಇಳೀತೈತಿ. ಆಮ್ಯಾಲ ಉಳಸೂದು ನನಗೂ ಕಠಿಣ, ನಿಮ್ಮ ದೇವರಿಗೂ ಕಠಿಣ. ನೀರು ಕುಡದ್ರ ಕುಡೀಲಿ. ತಿಳೀತಿಲ್ರಿ? ಖಾಲಿ ಹೊಟ್ಟಿ. ಬುಧವಾರ ಮುಂಜಾನಿ ಬರ್ರಿ.”

ಗೋಕಾಕದಲ್ಲಿ ನಾಯಿ, ಬೆಕ್ಕು, ಮೊಲ, ಗಿಳಿಗಳಿಗೆ ಔಷಧ ಕೊಡುವ ಡಾಕ್ಟರು ವಿಜಯಶ್ರೀಬಾಯಿ ಹೇಳಿದ ಈ ಮಾತನ್ನು ಮಮದಾಪುರದ ಯಲ್ಲಕ್ಕ ಒಂದಕ್ಷರವೂ ಚೆಲ್ಲದಂತೆ ಊರಿಗೆ ಹೊತ್ತು ತಂದಳು. ಸಾಲಿಗೆ ಹೋಗದವಳಿಗೆ ಕಿವಿಯೇ ಪಾಟಿ. ಅದರ ಮೇಲೆ ಒಮ್ಮೆ ಬರೆದದ್ದು ಅಳಿಸುವುದಿಲ್ಲ. ದಾರಿಯುದ್ದಕ್ಕೂ ಟಂಟಂ ರಿಕ್ಷಾದಲ್ಲಿ ಕೂತು ಅವಳು “ಹಾಲಿಲ್ಲ, ರೊಟ್ಟಿ ಇಲ್ಲ, ಬಿಸ್ಕೀಟ ಇಲ್ಲ, ಬೆಲ್ಲ ಸೈತ ಇಲ್ಲ” ಎಂದು ಗುನುಗುತ್ತಿದ್ದರೆ, ಟಂಟಂ ಹೊಡೆಯುವ ಶೆಟ್ಟೆಪ್ಪ ಹಿಂತಿರುಗಿ ನೋಡಿ, “ಯಾಕ ಕಾಕೂ, ಮನ್ಯಾಗ ಸಂತೀ ಸಾಮಾನು ಎಲ್ಲಾ ತೀರೇತೇನು?” ಎಂದು ಕೇಳಿದ.

ಚಂಪಿ ಎಂದರೆ ಯಲ್ಲಕ್ಕನ ಮನೆಯ ಕುರಿ ಕಾಯುವ ನಾಯಿ. ಕಂದು ಮೈ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಜೋತು. ತೋಳ ಬಂದರೆ ಹೆದರದ ಚಂಪಿಗೆ ಒಂದೇ ಒಂದು ದೌರ್ಬಲ್ಯವಿತ್ತು: ಪ್ರತಿ ಭಾದ್ರಪದಕ್ಕೆ ತಪ್ಪದೆ ಬಸಿರಾಗುವುದು. ಹುಟ್ಟಿದ ಮರಿಗಳಿಗೆ ಮನೆ ಹುಡುಕಿ ಲಗ್ನ ಮಾಡಿಸುವ ಕೆಲಸ ಯಲ್ಲಕ್ಕನದು. ಗಂಡುಮರಿಗಳಿಗೆ ಹುಕ್ಕೇರಿ, ಮೂಡಲಗಿಯಿಂದಲೂ ಬೀಗರು ಬರುತ್ತಿದ್ದರು. ಒಂದು ಮರಿ ಹಿಡಕಲ್ ಡ್ಯಾಮಿನ ನೌಕರರ ಕ್ವಾರ್ಟರ್ಸ್ ಸೇರಿ ದಿನಾ ಮೀನು ತಿಂದು ಗುಂಡಗಾಗಿದೆ ಎಂದು ಸುದ್ದಿ. ಇನ್ನೊಂದು ಅರಭಾವಿ ಕಾಲೇಜಿನ ಹುಡುಗರ ರೂಮು ಸೇರಿತ್ತು (ಅದು ಏನು ಕಲಿಯಿತೋ ತಿಳಿಯದು). ಆದರೆ ಹೆಣ್ಣುಮರಿಗಳನ್ನು ಕೇಳುವವರೇ ಇಲ್ಲ. “ಹೆಣ್ಣೇನು? ಬ್ಯಾಡ ಬಿಡವ್ವಾ” ಎಂದು ಬಾಲ ಎತ್ತಿ ನೋಡಿ ಹೋಗಿಬಿಡುತ್ತಿದ್ದರು. ಈ ಮಾತನ್ನು ಯಲ್ಲಕ್ಕ ತನ್ನ ಮಗಳು ಅನ್ನಪೂರ್ಣಾ ಹುಟ್ಟಿದಾಗ ಒಮ್ಮೆ ಕೇಳಿದ್ದಳು. ಈಗ ನಾಯಿಯ ಸಲುವಾಗಿ ಪ್ರತಿ ವರ್ಷವೂ ಕೇಳಬೇಕಾಗಿತ್ತು.

ಹೋದ ವರ್ಷ ಬಾಲ ಎತ್ತಿ ನೋಡುವವರೂ ಬರಲಿಲ್ಲ. ಯಾರೂ ಒಯ್ಯದೆ ಉಳಿದ ಮರಿಗಳಿಗೆ ರಕ್ತಭೇದಿ ಹತ್ತಿತು. ಯಲ್ಲಕ್ಕ ಅವುಗಳ ಬಾಯಿಗೆ ಚಮಚೆಯಿಂದ ನೀರು ಬಿಡುತ್ತ ಕೂತಳು. ಒಂದೊಂದಾಗಿ ಅವಳ ಸೆರಗಿನಲ್ಲೇ ತಣ್ಣಗಾದವು. ಸೆರಗಿನಲ್ಲೇ ಹೊತ್ತು ಬೇವಿನ ಗಿಡದ ಬುಡಕ್ಕೆ ಒಯ್ದು ಮಣ್ಣು ಮಾಡಿದಳು. ಚಂಪಿ ಆ ಮಣ್ಣು ಮೂಸುತ್ತ ಅಲ್ಲೇ ಮಲಗಿತ್ತು. ಆವತ್ತೇ ಯಲ್ಲಕ್ಕ ತೀರ್ಮಾನ ಮಾಡಿದಳು: ಇನ್ನೊಮ್ಮೆ ಆ ಗಿಡದ ಬುಡಕ್ಕೆ ಹೋಗಲು ತನ್ನ ಮೊಣಕಾಲಿನಿಂದಲೂ ಆಗದು, ಎದೆಯಿಂದಲೂ ಆಗದು. ಅದಕ್ಕೇ ಈ ಶ್ರಾವಣದಲ್ಲಿ, ಭಾದ್ರಪದ ಕಾಲಿಡುವ ಮೊದಲೇ, ಗೋಕಾಕದ ದಾರಿ ಹಿಡಿದಿದ್ದಳು.

ಈ ಯೋಜನೆಗೆ ಮನೆಯಲ್ಲಿ ಒಬ್ಬರು ವಿರೋಧ ಪಕ್ಷದ ನಾಯಕರಿದ್ದರು. ಯಲ್ಲಕ್ಕನ ಗಂಡ ಕರೆಪ್ಪ. ಜೀವಮಾನವೆಲ್ಲ ಕುರಿ ಕಾಯ್ದು, ಕುರಿಯ ಕಾಲುಬೇನೆ, ಬಾಯಿಬೇನೆಗಳಿಗೆಲ್ಲ ತಾನೇ ಔಷಧ ಮಾಡಿದ ಮಹಾ ಕುರಿಧನ್ವಂತರಿ.

“ಸಾವಿರ ಕುರಿಗೆ ಔಷಧ ಕುಡಿಸೇನಿ. ಒಂದ ಕುರೀನರ ‘ಖಾಲಿ ಹೊಟ್ಟಿಲೆ ಬಾ’ ಅಂತ ಕರದೇನೇನು?” ಎಂದು ಅವನು ಗುಡುಗಿದ.

“ನೀವು ಕೊಟ್ಟ ಔಷಧಕ್ಕ ಕುರಿ ಬದಕಿದ್ದು ಕುರೀದ ದೊಡ್ಡಸ್ತಿಕಿ, ನಿಮ್ಮದಲ್ಲ” ಎಂದಳು ಯಲ್ಲಕ್ಕ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ.

“ಹೌದ, ಹೌದ. ಈ ಮನ್ಯಾಗ ನಾಯಿಗೆ ಇದ್ದ ಮರ್ಯಾದಿ ನನಗೆಲ್ಲೈತಿ?”

ಈ ದೂರಿಗೆ ಒಂದು ಇತಿಹಾಸವಿದೆ. ಯಲ್ಲಕ್ಕ ಮದುಮಗಳಾಗಿ ಬಂದ ಮರುದಿನವೇ ಅತ್ತೆ ಸತ್ತೆವ್ವ ಒಲೆಯ ಮುಂದೆ ಕೂಡಿಸಿ ಹೇಳಿದ್ದಳು: “ಹಂಚಿನ ಮ್ಯಾಗಿಂದ ಇಳದ ಮೊದಲನೇ ರೊಟ್ಟಿ ಹಿಂಡ ಕಾಯೂ ನಾಯೀದು. ಎರಡನೇದು ನಿನ್ನ ಗಂಡಂದು. ನಿನಗ ಉಳದದ್ದು.” ಸತ್ತೆವ್ವ ಹೋದಳು, ಎಷ್ಟೋ ನಾಯಿಗಳು ಹೋದವು, ಹಿಂಡೂ ಮಗನ ಕೈಗೆ ಹೋಯಿತು. ಪದ್ಧತಿ ಮಾತ್ರ ಒಲೆಯ ಹಾಗೆ ಅಲ್ಲೇ ಕೂತಿತ್ತು. ಹೀಗಾಗಿ ಕರೆಪ್ಪ ಲಗ್ನವಾದಾಗಿನಿಂದ ಎರಡನೆಯ ರೊಟ್ಟಿ ತಿನ್ನುತ್ತ, ಮೊದಲನೆಯದನ್ನು ನಾಯಿಯ ಬಾಯಲ್ಲಿ ನೋಡುತ್ತ ಬಂದಿದ್ದ.

ಮೊದಲ ಬುಧವಾರ ಬಂತು. ರಾತ್ರಿ ಚಂಪಿಗೆ ಹೊಟ್ಟೆ ತುಂಬ ನುಚ್ಚು ಹಾಕಿ, ದನದ ಕೊಟ್ಟಿಗೆಯಲ್ಲಿ ಕಟ್ಟಿ, ಮುಂಜಾನೆ ಒಲೆಯನ್ನೇ ಹಚ್ಚದೆ ಯಲ್ಲಕ್ಕ ಜಳಕ ಮಾಡಿ ಬಂದಳು. ಕರೆಪ್ಪನೂ ತಲೆಗೆ ಪಟಗಾ ಸುತ್ತಿಕೊಂಡು ಸಿದ್ಧನಾಗಿ ನಿಂತಿದ್ದ, ಮುಖದಲ್ಲಿ ಏನೋ ಪುಣ್ಯದ ಕಳೆ. ಶೆಟ್ಟೆಪ್ಪನ ಟಂಟಂ ಗೋಕಾಕದವರೆಗೆ ರಸ್ತೆಯ ತಗ್ಗುಗಳನ್ನೆಲ್ಲ ಮಾತಾಡಿಸಿಕೊಂಡು ಹೋಯಿತು.

“ಏನರ ತಿಂದೈತೇನ್ರಿ ಆಯಿ?” ಎಂದು ಡಾಕ್ಟರಬಾಯಿ ಕೇಳಿದರು.

“ಒಂದ ಅಗಳು ಸೈತ ಇಲ್ರಿ ಬಾಯಾರ” ಎಂದು ಯಲ್ಲಕ್ಕ ಹೇಳಿ ಮುಗಿಸುವುದಕ್ಕೂ, ಟಂಟಂನಲ್ಲಿ ಕುಲುಕಿದ್ದ ಚಂಪಿ ಆ ಮಿಂಚುವ ಸ್ಟೀಲ್ ಟೇಬಲ್ಲಿನ ಮೇಲೆ ಸತ್ಯವನ್ನೆಲ್ಲ ಹೊರಹಾಕುವುದಕ್ಕೂ ಸರಿಹೋಯಿತು. ಮೊಸರನ್ನ. ಅದರ ನಡುವೆ ಕೆಂಪಗೆ ಶೇಂಗಾ ಚಟ್ನಿ. ಆ ಚಟ್ನಿಯನ್ನು ಯಲ್ಲಕ್ಕ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು; ಕುಟ್ಟಿದವಳೇ ಅವಳು.

ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು.

“ಊರಿಗೆ ಹೊಂಟ ಜೀವಕ್ಕ ಮೊಸರನ್ನ ತಿನಿಸಿ ಕಳಸೂದು ಪದ್ಧತಿ” ಎಂದ ಕರೆಪ್ಪ, ಗೋಡೆಯ ಮೇಲಿನ ಬೆಕ್ಕಿನ ಚಿತ್ರ ನೋಡುತ್ತ. “ಅದರಾಗ ಇದು ಕೊಯ್ಸಿಕೊಳ್ಳಾಕ ಹೊಂಟೈತಿ. ಬರೇ ಹೊಟ್ಟಿಲೆ ಕಳಸಿದ್ರ ಅಪಶಕುನ ಅಲ್ಲೇನ್ರಿ ಬಾಯಾರ?”

“ಮುತ್ಯಾ, ಇಲ್ಲಿ ಶಕುನ ನೋಡಿದ್ರ ಆಮ್ಯಾಲ ಹೆಣಾ ನೋಡಬೇಕಾಗ್ತೈತಿ” ಎಂದರು ಡಾಕ್ಟರಬಾಯಿ. “ನಾಯಿ ಆಪರೇಶನ್ನಿಗೆ ಇಟ್ಟದ್ದು ಬುಧವಾರ ಒಂದ. ಮುಂದಿನ ವಾರ ಬರ್ರಿ.”

ತಿರುಗಿ ಬರುವಾಗ ಯಲ್ಲಕ್ಕ ಗಂಡನಿಗೆ ಬೆನ್ನು ತಿರುಗಿಸಿ ಕೂತಳು. ಕರೆಪ್ಪನಿಗೆ ಅದು ಬೈಗುಳಕ್ಕಿಂತ ಭಾರವಾಯಿತು. ಅವನೇ ಎರಡು ಸಲ “ಚಟ್ನಿ ಹಾಕಬಾರದಿತ್ತೇನೋ” ಎಂದ.

ಎರಡನೆಯ ಬುಧವಾರಕ್ಕೆ ಯಲ್ಲಕ್ಕ ಮೊದಲು ಮಾಡಿದ ಕೆಲಸವೆಂದರೆ ಗಂಡನನ್ನು ಗಡೀಪಾರು ಮಾಡಿದ್ದು. ಮಂಗಳವಾರ ಸಂಜೆಯೇ ಅವನ ಕೈಗೆ ಕಂಬಳಿ, ಬುತ್ತಿ ಕೊಟ್ಟು, “ಹೊಲದಾಗ ಕುರಿ ತಂಗ್ಯಾವ, ಮಗನ ಕೂಡ ಇದ್ದು ಬರ್ರಿ. ಬುಧವಾರ ಮಧ್ಯಾಹ್ನದ ತನಕ ಮಾರಿ ತೋರಸಬ್ಯಾಡ್ರಿ” ಎಂದು ಅಟ್ಟಿದಳು. ಮನೆಯಲ್ಲಿ ಉಳಿದವರು ಅವಳು, ಚಂಪಿ. ಇನ್ನು ಯಾರ ಭಯ?

ಬಾಜೂಮನೆಯ ಶಂಕ್ರವ್ವ ಇದ್ದಳಲ್ಲ.

ಶಂಕ್ರವ್ವ ವಿಠ್ಠಲನ ಭಕ್ತೆ. ಪಂಢರಪುರದ ವಾರಿ ಯಾತ್ರೆಗೆ ನಡೆದುಕೊಂಡೇ ಹೋದವಳು. ಆ ಬುಧವಾರ ಏಕಾದಶಿ ಬೇರೆ. ಬೆಳಗಾಗುವ ಮೊದಲೇ ಚಂಪಿ ಹಸಿವಿನಿಂದ ಕುಂಯ್‌ಗುಡತೊಡಗಿದಾಗ ಗೋಡೆಯಾಚೆಯಿಂದ ಕೇಳಿದಳು:

“ಯಕ್ಕಾ, ಚಂಪಿ ಯಾಕ ಅಳಾಕತ್ತೈತಿ?”

“ಇವತ್ತ ಅದಕ್ಕ ಉಪಾಸ ಐತಿ ಶಂಕ್ರವ್ವ” ಎಂದಳು ಯಲ್ಲಕ್ಕ ಸಾಕಾದ ದನಿಯಲ್ಲಿ, ತಲೆ ಬಾಚಿಕೊಳ್ಳಲು ಒಳಗೆ ಹೋಗುತ್ತ.

ಗೋಕಾಕದಲ್ಲಿ ಡಾಕ್ಟರಬಾಯಿ ಚಂಪಿಯ ಹೊಟ್ಟೆ ಒತ್ತಿ ನೋಡಿದರು. ಹೊಟ್ಟೆ ಡೊಳ್ಳಿನಂತೆ ಬಿಗಿದುಕೊಂಡಿತ್ತು. ಅವರ ಕಣ್ಣು ಚಂಪಿಯ ಮುಖಕ್ಕೆ ಹೋಯಿತು. ಮೀಸೆಯ ಕೂದಲಿಗೆ ಒಂದು ಬಿಳಿಯ ಮುತ್ತು ಅಂಟಿಕೊಂಡಿತ್ತು. ಡಾಕ್ಟರಬಾಯಿ ಅದನ್ನು ಬೆರಳಿನಿಂದ ತೆಗೆದು, ಬೆಳಕಿಗೆ ಹಿಡಿದು, “ಆಯಿ, ಇದು ಸಾಬೂದಾನಿ ಕಾಳು” ಎಂದರು.

ಊರಿಗೆ ಬಂದ ಯಲ್ಲಕ್ಕ ಚಂಪಿಯನ್ನು ಹಗ್ಗ ಸಮೇತ ಶಂಕ್ರವ್ವನ ಕಟ್ಟೆಯ ಮುಂದೆ ನಿಲ್ಲಿಸಿದಳು. ಶಂಕ್ರವ್ವನಿಗೆ ಅಳುಕೇ ಇಲ್ಲ.

“ನೀನ ಅಂದೀದಿ ಉಪಾಸ ಐತಿ ಅಂತ. ನಾ ಉಪಾಸಕ್ಕ ನಡಿಯೂದನ್ನ ಕೊಟ್ಟೇನಿ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ಸಾಬೂದಾನಿ ಖಿಚಡಿ, ಒಂದ ಬಾಳಿಹಣ್ಣು, ಒಂದ ಬಟ್ಟಲ ಹಾಲು. ಹಿಂಗ ಫಳಾರ ಮಾಡಿದ್ರ ಉಪಾಸ ಮುರೀತೈತೇನು? ನಾನೂ ಅದನ್ನ ತಿಂದೇನಿ.”

“ಅದು ಡಾಕ್ಟರ ಹೇಳಿದ ಉಪಾಸ ಶಂಕ್ರವ್ವ, ದೇವರದಲ್ಲ!”

“ಡಾಕ್ಟರದು ಇದ್ರೇನು, ಏಕಾದಶಿ ದಿನಾ ಬಂದೈತಿಲ್ಲ? ಚಂಪಿ ಪುಣ್ಯವಂತಿ. ಮುಂದಿನ ಜಲ್ಮಕ್ಕ ನಾಯಿಯಾಗಿ ಹುಟ್ಟೂದಿಲ್ಲ ನೋಡು.”

“ಮುಂದಿನ ಜಲ್ಮ ಇರಲಿ, ಮುಂದಿನ ತಿಂಗಳ ಹೊಟ್ಟ್ಯಾಗ ಮರಿ ಇಟ್ಟಕೊಂಡ ಬಂದ್ರ ನೀನ ಜ್ವಾಪಾನ ಮಾಡ್ತೀಯೇನ?” ಎಂದಳು ಯಲ್ಲಕ್ಕ. ಶಂಕ್ರವ್ವ ತುಳಸಿಗೆ ನೀರು ಹಾಕುವುದು ನೆನಪಾಗಿ ಒಳಗೆ ಹೋದಳು.

ಹೊಲದಿಂದ ಬಂದ ಕರೆಪ್ಪನಿಗೆ ಸುದ್ದಿ ಕೇಳಿ ಬಂದ ಖುಷಿ ಹಬ್ಬದಲ್ಲೂ ಬಂದಿರಲಿಲ್ಲ. “ನನ್ನ ಮೊಸರನ್ನಕ್ಕ ವಾರಪೂರ್ತಿ ಮಾರಿ ಉಬ್ಬಿಸಿದಿ. ಈಗ ಆಕಿ ಖಿಚಡಿಗೆ ಏನಂತಿ?”

ಯಲ್ಲಕ್ಕ ಚಂಪಿಯನ್ನು ಬೇಲಿಯಿಂದ ದೂರ ಕಟ್ಟಿದಳು. ಶ್ರಾವಣ ಮುಗಿಯುತ್ತ ಬಂದಿತ್ತು. ಬೇಲಿಯಾಚೆ ಮಮದಾಪುರದ ಗಂಡುನಾಯಿಗಳು ಈಗಾಗಲೇ ಕನ್ಯೆ ನೋಡಲು ಬಂದ ಬೀಗರ ಹಾಗೆ ಗಂಭೀರವಾಗಿ ಕೂತಿದ್ದವು. ಅವುಗಳಲ್ಲಿ ಒಂದಕ್ಕೆ ಬಾಲವಿಲ್ಲ, ಒಂದಕ್ಕೆ ಕಜ್ಜಿ, ಆದರೂ ಅಳಿಯನ ಗತ್ತಿಗೆ ಕಡಿಮೆಯಿಲ್ಲ. ಡಾಕ್ಟರಬಾಯಿ ಖಡಾಖಂಡಿತ ಹೇಳಿದ್ದರು: “ಬೆದಿಗೆ ಬಂತಂದ್ರ ಆಮ್ಯಾಲ ನಾ ಕೊಯ್ಯೂದಿಲ್ಲ ಆಯಿ, ರಕ್ತ ಭಾಳ ಹೋಗ್ತೈತಿ. ಮುಂದಿನ ಬುಧವಾರ ತಪ್ಪಸಬ್ಯಾಡ್ರಿ.” ಯಲ್ಲಕ್ಕ ಬೇವಿನ ಗಿಡದ ಬುಡ ನೋಡಿದಳು. ಅಲ್ಲಿ ಹುಲ್ಲು ಬೆಳೆದಿತ್ತು.

ಮೂರನೆಯ ಬುಧವಾರಕ್ಕೆ ಅವಳು ಯಾರನ್ನೂ ನಂಬಲಿಲ್ಲ. ಶಂಕ್ರವ್ವನ ಕೈಯಿಂದ ತುಳಸಿಮಾಲೆ ಮುಟ್ಟಿಸಿ ಮಾತು ತೆಗೆದುಕೊಂಡಳು. ಗಂಡನನ್ನು ಮುಂದೆ ನಿಲ್ಲಿಸಿ ಹೇಳಿದಳು:

“ನಾಳಿ ಚಂಪಿ ಆಪರೇಶನ್ ಮುಗಿಯೂ ತನಕ ನೀವು ಅದರ ಹಂತೇಕ ಹೋಗಬಾರದು. ಮುಟ್ಟಬಾರದು. ಅದರ ವಿಷಯದಾಗ ಬಾಯಿ ತಗೀಬಾರದು. ಒಂದ ಮಾತ ಆಡಿದ್ರ ನಾ ಹುಕ್ಕೇರಿಗೆ ಮಗಳ ಮನಿಗೆ ಹೋಗಿಬಿಡ್ತೇನಿ. ಆಮ್ಯಾಲ ರೊಟ್ಟಿ ನೀವ ಬಡಕೊಳ್ರಿ.”

ಕರೆಪ್ಪ ತಲೆ ಆಡಿಸಿದ. ರೊಟ್ಟಿಯ ಮಾತು ಬಂದರೆ ಅವನು ಕಾನೂನು ಪಾಲಿಸುವ ಪ್ರಜೆ.

ಕೊಟ್ಟಿಗೆಯ ಮೇಲೂ ನಂಬಿಕೆ ಹೋಗಿತ್ತು. ಅದಕ್ಕೇ ಯಲ್ಲಕ್ಕ ಚಂಪಿಯನ್ನು ಅಡುಗೆಮನೆಯ ಬಾಗಿಲಿನಲ್ಲೇ, ತನ್ನ ಕಣ್ಣೆದುರಿಗೇ ಗೋಣಿಚೀಲ ಹಾಸಿ ಕಟ್ಟಿದಳು. ಅಲ್ಲೇ ಚಾಪೆ ಹಾಸಿ ತಾನೂ ಅಡ್ಡಾದಳು. ಮುಂಜಾನೆ ಎದ್ದು ಕಸ ಹೊಡೆದಳು, ನೀರು ಕಾಸಿದಳು. ಆಪರೇಶನ್ ಎಂದರೆ ಸಂಜೆಯ ತನಕ ಗೋಕಾಕದಲ್ಲಿ ಕೂಡಬೇಕು, ಬುತ್ತಿ ಬೇಕು, ಹೊಲದಲ್ಲಿರುವ ಮಗನಿಗೂ ಕಳಿಸಬೇಕು. ಒಲೆ ಹಚ್ಚಿದಳು. ಹಿಟ್ಟು ನಾದಿದಳು, ಬಡಿದಳು, ಹಂಚಿನ ಮೇಲೆ ಹಾಕಿದಳು. ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿತ್ತು. ಮನಸ್ಸು ಮಾತ್ರ ಪಹರೆ ನಿಂತಿತ್ತು. ಗೋಡೆಯಾಚೆ ಶಂಕ್ರವ್ವನ ಬಳೆ ಸದ್ದಾಯಿತೇ? ಇಲ್ಲ. ಹಾಲಿನವನು ಒಳಗೆ ಬಂದನೇ? ಇಲ್ಲ. ಯಾರಾದರೂ ಬೇಲಿಯಿಂದ ಏನಾದರೂ ಎಸೆದರೇ? ಇಲ್ಲ.

ಬೇವಿನಕಡ್ಡಿ ಕಚ್ಚಿಕೊಂಡು ಅಂಗಳದಲ್ಲಿ ನಿಂತಿದ್ದ ಕರೆಪ್ಪ ಇದ್ದಕ್ಕಿದ್ದಂತೆ ಕಣ್ಣು ಅಗಲಿಸಿ “ಊಂ! ಊಂ!” ಎಂದ. ಕೈಯನ್ನು ಒಲೆಯ ಕಡೆಗೊಮ್ಮೆ, ಚಂಪಿಯ ಕಡೆಗೊಮ್ಮೆ ಬೀಸಿದ.

“ಬಾಯಿ ತಗೀಬ್ಯಾಡ್ರಿ ಅಂದೇನಿ!” ಎಂದು ಯಲ್ಲಕ್ಕ ಗದರಿದಳು. “ಹಂತೇಕೂ ಬರಬ್ಯಾಡ್ರಿ! ಹುಕ್ಕೇರಿ ಬಸ್ಸಿನ ಹೊತ್ತು ನನಗ ಗೊತ್ತೈತಿ!”

ಕರೆಪ್ಪ ಕಡ್ಡಿಯನ್ನು ಬಾಯಲ್ಲಿ ಇನ್ನಷ್ಟು ಒಳಗೆ ತುರುಕಿಕೊಂಡು ಮಾರಿ ತೊಳೆಯಲು ಹೋದ.

ಟಂಟಂನಲ್ಲೂ ಅವನು ಮಾತಾಡಲಿಲ್ಲ. “ಕಾಕಾಗ ಹಲ್ಲ ನೋವೇನು?” ಎಂದು ಶೆಟ್ಟೆಪ್ಪ ಕೇಳಿದ್ದಕ್ಕೆ ಯಲ್ಲಕ್ಕ, “ಇಲ್ಲಪ್ಪ, ಇವತ್ತ ಮೊದಲನೇ ಸಲ ಶಾಣ್ಯಾ ಆಗ್ಯಾರ” ಎಂದಳು. ಅವಳ ಮನಸ್ಸು ಎಷ್ಟೋ ದಿನದ ಮೇಲೆ ಹಗುರಾಗಿತ್ತು. ಚಂಪಿಯ ಜೋತುಬಿದ್ದ ಕಿವಿಯನ್ನು ಸವರುತ್ತ, “ಇದೊಂದ ಸಲ ತಡಕೋ ನನ್ನವ್ವ” ಎಂದಳು.

ಡಾಕ್ಟರಬಾಯಿ ಹಸಿರು ಅಂಗಿ ತೊಟ್ಟು, ಇಂಜೆಕ್ಷನ್ ತುಂಬಿಕೊಂಡು ಬಂದರು. “ಆಯಿ, ಕಡೇ ಸಲ ಕೇಳಾಕತ್ತೇನಿ. ಏನರ ತಿಂದೈತೇನು?”

ಯಲ್ಲಕ್ಕ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. “ಮಾಳಿಂಗರಾಯನ ಆಣಿ ಬಾಯಾರ. ಇಡೀ ರಾತ್ರಿ ಕಣ್ಣಮುಂದ ಇಟಗೊಂಡ ಕೂತೇನಿ. ನನ್ನ ಬಿಟ್ರ ಯಾರೂ ಇದರ ಹಂತೇಕ ಸುಳದಿಲ್ಲ. ಇದರ ಹೊಟ್ಟ್ಯಾಗ ಗಾಳಿ ಬಿಟ್ರ ಏನೂ ಇಲ್ಲ.”

“ಮುತ್ಯಾ, ಖರೇನ?”

ಕರೆಪ್ಪ ಸಾಲಿಯ ಹುಡುಗನ ಹಾಗೆ ತೋರುಬೆರಳು ಎತ್ತಿದ. ಡಾಕ್ಟರಬಾಯಿಯ ಕಡೆ ಅಲ್ಲ, ಹೆಂಡತಿಯ ಕಡೆ ನೋಡಿದ.

“ಮಾತಾಡ್ಲೇನು?”

“ಮಾತಾಡ್ರಿ. ಯಾರ ಬ್ಯಾಡ ಅಂದಾರ?”

“ನೀನ ಅಂದೀದಿ.”

“ಮಾತಾಡ್ರಿ ಅಂದ್ನೆಲ್ಲ!”

ಕರೆಪ್ಪ ಗಂಟಲು ಸರಿಮಾಡಿಕೊಂಡ. “ರೊಟ್ಟಿ ತಿಂದೈತ್ರಿ ಬಾಯಾರ. ಒಂದ ಇಡೀ ಜ್ವಾಳದ ರೊಟ್ಟಿ. ಬಿಸೀದು.”

“ಯಾರ ಕೊಟ್ಟಾರ?” ಯಲ್ಲಕ್ಕನ ದನಿ ಇಡೀ ದವಾಖಾನೆಗೆ ಕೇಳಿಸಿತು. ಮೂಲೆಯ ಬುಟ್ಟಿಯಲ್ಲಿದ್ದ ಯಾರದೋ ಬೆಕ್ಕು ತಲೆ ಒಳಗೆ ಎಳೆದುಕೊಂಡಿತು. “ಆ ಶಂಕ್ರವ್ವನ ಮಾಲಿ ಹರೀತೇನಿ! ಯಾರ ಕೊಟ್ಟಾರ ಹೇಳ್ರಿ!”

ಕರೆಪ್ಪನ ಎತ್ತಿದ ಬೆರಳು ಹಾಗೇ ನಿಧಾನವಾಗಿ ಬಾಗಿ ಅವಳ ಕಡೆಗೇ ತಿರುಗಿತು.

“ಹಂಚಿನ ಮ್ಯಾಗಿಂದ ತಗದಿ. ಒಮ್ಮಿ ಝಾಡಿಸಿದಿ. ಒಗದಿ. ಅದು ಗಾಳ್ಯಾಗ ಹಿಡೀತು” ಎಂದ ಅವನು. “ಮೊದಲನೇ ರೊಟ್ಟಿ.”

ಯಲ್ಲಕ್ಕ ತನ್ನ ಬಲಗೈಯನ್ನು ನೋಡಿಕೊಂಡಳು. ಬಳೆಗಳ ಸಂದಿಯಲ್ಲಿ ಜೋಳದ ಹಿಟ್ಟು ಇನ್ನೂ ಒಣಗಿ ಕೂತಿತ್ತು. ಅವಳಿಗೆ ಒಗೆದದ್ದು ನೆನಪಿಲ್ಲ. ಉಸಿರಾಡಿದ್ದು ಯಾರಿಗೆ ನೆನಪಿರುತ್ತದೆ? ಆದರೆ ಚಂಪಿಯ ಮುಖದಲ್ಲಿ ಬಿಸಿರೊಟ್ಟಿ ತಿಂದ ನಾಯಿಯ ಸಮಾಧಾನ ಎದ್ದು ಕಾಣುತ್ತಿತ್ತು. ಮೈಯೆಲ್ಲ ಕಣ್ಣಾಗಿ ಊರಿಗೆಲ್ಲ ಪಹರೆ ಕಾಯ್ದವಳು ತನ್ನ ಮೊಣಕೈಯಿಂದ ಕೆಳಗೆ ಪಹರೆ ಹಾಕುವುದನ್ನು ಮರೆತಿದ್ದಳು.

ಅವಳು ಬೆಂಚಿನ ಮೇಲೆ ಕೂತಳು. ಆ ಕೈಯನ್ನೇ ಡಾಕ್ಟರಬಾಯಿಯ ಮುಂದೆ ಚಾಚಿದಳು.

“ಬಾಯಾರ, ಆ ಅರವಳಿಕಿ ಇಂಜೆಕ್ಷನ್ ಹೆಂಗೂ ತುಂಬೀರಿ. ಈ ಕೈಗೆ ಕೊಟ್ಟಬಿಡ್ರಿ.”

ಡಾಕ್ಟರಬಾಯಿ ನಕ್ಕರು. ನಗುತ್ತ ಅವಳ ಕಣ್ಣು ನೋಡಿ ನಗು ನಿಲ್ಲಿಸಿದರು. ಬಾಜೂ ಕೂತು, “ಆಯಿ, ಬುಧವಾರದ ಮಾತ ಬಿಡ್ರಿ. ಚಂಪಿ ಇವತ್ತ ರಾತ್ರಿ ಇಲ್ಲೇ ಇರಲಿ, ಹಿಂದ ಒಂದ ಪಂಜರ ಖಾಲಿ ಐತಿ. ನಾಳಿ ಮುಂಜಾನಿ ನಾನ ಮಾಡ್ತೇನಿ. ಅದನ್ನ ನಿಮ್ಮ ಮನಿಗೆ ಕಳಸೂದು ಭಾಳ ಧೋಕಾ. ನಿಮ್ಮ ಓಣ್ಯಾಗ ಎಲ್ಲಾರಿಗೂ ಅಂತಃಕರಣ ಜಾಸ್ತಿ” ಎಂದರು.

ಮರುದಿನ ಕತ್ತಲಾದ ಮೇಲೆ ಫೋನು ಬಂತು. ಕರೆಪ್ಪ ಎತ್ತಿಕೊಂಡು, ಅನುಮತಿಗಾಗಿ ಹೆಂಡತಿಯ ಮುಖ ನೋಡಿ, ಅವಳ ಕೈಗೇ ಕೊಟ್ಟ.

“ಆತ್ರಿ ಆಯಿ, ಚಲೋತ್ನ್ಯಾಗಿ ಆತು. ಚಂಪಿ ಎದ್ದು ಕೂತಾಳ” ಎಂದರು ಡಾಕ್ಟರಬಾಯಿ. ಯಲ್ಲಕ್ಕ ಕಣ್ಣು ಮುಚ್ಚಿ ಮಾಳಿಂಗರಾಯನನ್ನು ನೆನೆದಳು (ಸುಳ್ಳು ಆಣೆಯನ್ನೂ ಮನ್ನಿಸೆಂದು ಸೇರಿಸಿದಳು). “ಆದ್ರ ಒಂದ ತ್ರಾಸ ಐತ್ರಿ. ಈಗ ಸ್ವಲ್ಪ ತಿನ್ನಬೇಕು, ಔಷಧ ಹೊಟ್ಟಿಗೆ ಬೀಳಬೇಕು. ನಮ್ಮಲ್ಲಿ ಇದ್ದ ಪಾಕೀಟಿನ ಕಾಳು ಇಟ್ರ ಮೂಸಿ ಮಾರಿ ತಿರಗಸಾಕತ್ತಾಳ. ಬಿಸ್ಕೀಟ ತಿನ್ನವಲ್ಲಳು, ಹಾಲು ಮುಟ್ಟವಲ್ಲಳು. ಇವತ್ತ ಹೆಂಗರ ಗ್ಲೂಕೋಸ್ ಮ್ಯಾಲ ದೂಡ್ತೇನಿ. ನಾಳಿ ಬೆಳಗ್ಗಿ ಲಗೂನ ಬರ್ರಿ. ಬರೂವಾಗ ನಿಮ್ಮ ರೊಟ್ಟಿ ತಗೊಂಡ ಬರ್ರಿ.”

ಯಲ್ಲಕ್ಕ ಫೋನು ಕೆಳಗಿಟ್ಟು ಜೋಳದ ಹಿಟ್ಟಿನ ಡಬ್ಬಿ ತೆರೆದು ನೋಡಿದಳು. ಮೂರು ಬುಧವಾರ ಆ ರೊಟ್ಟಿಯನ್ನು ನಾಯಿಯ ಬಾಯಿಗೆ ಬೀಳದಂತೆ ಕಾಯ್ದು ಕಾಯ್ದು ಅವಳ ಬೆನ್ನು ಬಿದ್ದುಹೋಗಿತ್ತು.

ಮರುದಿನ ಕೋಳಿ ಕೂಗುವ ಹೊತ್ತಿಗೇ ಒಲೆ ಹೊತ್ತಿತು. ಅಡುಗೆಮನೆಯ ಬಾಗಿಲಲ್ಲಿ ಗೋಣಿಚೀಲ ಖಾಲಿ ಬಿದ್ದಿತ್ತು. ಚಳಿಯೆಂದು ಕರೆಪ್ಪ ಕಂಬಳಿ ಹೊದ್ದು ಬಂದು ಅದರ ಮೇಲೇ ಕುಕ್ಕರಗಾಲಿನಲ್ಲಿ ಕೂತ, ಒಲೆಯ ಕಾವಿಗೆ. ಬೇಲಿಯಾಚೆಯ ಬೀಗರು ಮದುವೆ ಮುರಿದ ಸುದ್ದಿ ತಿಳಿಯದೆ ಇನ್ನೂ ಕೂತಿದ್ದರು. ಯಲ್ಲಕ್ಕ ಪರಾತದಲ್ಲಿ ಹಿಟ್ಟು ನಾದಿದಳು. ಹೊಲಿಗೆ ನೋಯುತ್ತಿರಬಹುದೇ, ರಾತ್ರಿ ಅತ್ತಿತೇ, ಟಂಟಂನ ಕುಲುಕಾಟಕ್ಕೆ ಏನು ಹಾಸಬೇಕು ಎಂದು ಯೋಚಿಸುತ್ತ ಮೊದಲ ರೊಟ್ಟಿ ಬಡಿದಳು, ಬೇಯಿಸಿದಳು, ತೆಗೆದಳು, ಒಮ್ಮೆ ಝಾಡಿಸಿದಳು.

ರೊಟ್ಟಿ ಹಾರಿ ಹೋಗಿ ಕಂಬಳಿಯ ಮಡಿಲಲ್ಲಿ ಬಿತ್ತು.

ಕರೆಪ್ಪ ಬೆಚ್ಚಿಬಿದ್ದು ನೋಡಿದ. ಎತ್ತಿಕೊಂಡ. ಎರಡೂ ಕೈಯಲ್ಲಿ ಹಿಡಿದು, ಊದಿ, ಅತ್ತಿತ್ತ ತಿರುಗಿಸಿ ನೋಡಿದ. ಅವನ ಮುಖದಲ್ಲಿ ಲಗ್ನದ ದಿನವೂ ಅಷ್ಟು ಬೆಳಕಿರಲಿಲ್ಲ.

“ಮೊದಲನೇ ರೊಟ್ಟಿ!” ಎಂದ. “ಸತ್ತೆವ್ವನ ಮಗನಾಗಿ ಹುಟ್ಟಿ, ಇವತ್ತ ಸಿಕ್ಕೈತಿ ನೋಡು.”

“ಅಯ್ಯ, ಅದು ಚಂಪೀದ್ರಿ! ಇತ್ತ ಕೊಡ್ರಿ!”

“ಗಾಳ್ಯಾಗ ಹಿಡೀಲಿಲ್ಲ ಅಂತ ಕಸಕೋತೀಯೇನ?” ಎನ್ನುತ್ತಲೇ ಅವನು ಒಂದು ತುತ್ತು ಮುರಿದು ಬಾಯಿಗೆ ಹಾಕಿದ. ಇನ್ನೊಂದು ಮುರಿದ. “ಖರೇ ಹೇಳ್ತೇನಿ, ಎರಡನೇದಕ್ಕಿಂತ ರುಚಿ ಐತಿ. ಇಷ್ಟ ವರ್ಷ ನಾಯಿ ಹೇಳಲೇ ಇಲ್ಲ.”

ಯಲ್ಲಕ್ಕ ತನ್ನ ಕೈಯನ್ನು ನೋಡಿದಳು. ಬೈಯಬೇಕೆಂದುಕೊಂಡಳು. ಯಾರನ್ನು ಬೈಯುವುದು? ಹಂಚು ಕಾಯುತ್ತಿತ್ತು, ಹೊರಗೆ ಶೆಟ್ಟೆಪ್ಪ ಹಾರ್ನು ಬಾರಿಸುತ್ತಿದ್ದ, ಗೋಕಾಕದಲ್ಲಿ ಒಂದು ಜೀವ ಹಸಿದು ಕೂತಿತ್ತು. ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡು, ಪರಾತದಿಂದ ಇನ್ನೊಂದು ಮುದ್ದೆ ಮುರಿದು, ಒಣಹಿಟ್ಟಿನಲ್ಲಿ ಹೊರಳಿಸಿ, ಚಂಪಿಯ ಎರಡನೆಯ ರೊಟ್ಟಿಯನ್ನು ಬಡಿಯತೊಡಗಿದಳು.